ನಟ್ಟಿನ ಮೇಲಿನ ಹಳದಿ ಶಿಲುಬೆ

ಮೀಯಪದವಿನ ರೆಜಿನಾಲ್ಡನ ಶೆಡ್ಡಿಗೆ ಬೋರ್ಡು ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಅಂಬಾಸಿಡರ್ ಇದ್ದವರಿಗೆಲ್ಲ ದಾರಿ ಗೊತ್ತಿತ್ತು. ಆದರೆ ಅಂಬಾಸಿಡರ್ ಇದ್ದವರಾದರೂ ಎಷ್ಟು ಮಂದಿ ಉಳಿದಿದ್ದರು? ಒಬ್ಬೊಬ್ಬರೇ ಸಣ್ಣ ಹೊಸ ಕಾರು ಕೊಂಡು ಆ ಕಡೆ ತಲೆ ಹಾಕುವುದನ್ನೇ ಬಿಟ್ಟರು. 2009ರ ಹೊತ್ತಿಗೆ ತಪ್ಪದೆ ಬರುತ್ತಿದ್ದವನೆಂದರೆ ಹೊಸಂಗಡಿಯ ಟ್ಯಾಕ್ಸಿ ಪೊಕ್ಕರ್ ಒಬ್ಬನೇ.

ಪೊಕ್ಕರನ ಕಾರಿನ ಫ್ಯಾನ್ ಬೆಲ್ಟನ್ನು ರೆಜಿನಾಲ್ಡನಲ್ಲದೆ ಬೇರೆ ಯಾರೂ ಮುಟ್ಟಿದ್ದಿಲ್ಲ. ಅದೇನು ಮಹಾ ಕೆಲಸ ಅನ್ನಬೇಡಿ. ಡೈನಮೋದ ನಟ್ಟು ಸಡಿಲಿಸಿ, ಸಲಾಕೆಯಿಂದ ಡೈನಮೋವನ್ನು ಹೊರಕ್ಕೆ ಮೀಟಿ, ಬೆಲ್ಟಿನ ನಡುವೆ ಹೆಬ್ಬೆರಳಿನಿಂದ ಒತ್ತಿ ನೋಡಬೇಕು. ಅರ್ಧ ಇಂಚು ತಗ್ಗಿದರೆ ಸರಿ. ಸಡಿಲಾದರೆ ಎಂಜಿನ್ ಕಾಯುತ್ತದೆ, ಬಿಗಿಯಾದರೆ ಬೇರಿಂಗ್ ಹಾಳಾಗುತ್ತದೆ. ರೆಜಿನಾಲ್ಡನದು ಎಲ್ಲ ಹೆಬ್ಬೆರಳಿನ ಅಂದಾಜು. ನಟ್ಟು ಬಿಗಿದ ಮೇಲೆ ಅದರ ಮೇಲೊಂದು ಪುಟ್ಟ ಶಿಲುಬೆಯನ್ನು ಹಳದಿ ಪೇಂಟಿನಲ್ಲಿ ಬರೆಯುತ್ತಿದ್ದ. ಅಪ್ಪ ಕಲಿಸಿದ ಪದ್ಧತಿ: ದೇವರ ನೆನಪೂ ಆಯಿತು, ನಟ್ಟು ಅಲುಗಿದರೆ ಗೀಟು ತಪ್ಪಿ ಗೊತ್ತೂ ಆಯಿತು.

"ಬ್ಯಾರಿಯ ಕಾರಿಗೆ ಶಿಲುಬೆಯಾ ಪೊರ್ಬುಗಳೇ?" ಎಂದು ಪೊಕ್ಕರ್ ಪ್ರತಿ ಸಲ ನಗಾಡುತ್ತಿದ್ದ. ಆ ಕಡೆ ಮುಸ್ಲಿಮರಿಗೆ ಬ್ಯಾರಿ ಅನ್ನುವುದು, ಕ್ರಿಸ್ತಾನರಿಗೆ ಪೊರ್ಬು ಅನ್ನುವುದು ವಾಡಿಕೆ.

"ಬಾನೆಟ್ ಹಾಕಿದ ಮೇಲೆ ಯಾರಿಗೆ ಕಾಣ್ತದೆ ಮಾರಾಯ!"

ಸಕ್ಕರೆ ಕಾಯಿಲೆ ಮೊದಲು ರೆಜಿನಾಲ್ಡನ ಕಾಲಿಗೆ ಬಂತು, ಆಮೇಲೆ ಕೈಗೆ. ಬೆರಳುಗಳು ಮರಗಟ್ಟಿದವು. ಚಹಾದ ಗ್ಲಾಸು ಹಿಡಿದರೆ ಬಿಸಿಯೋ ತಣ್ಣಗೋ ತಿಳಿಯದು. ಹೆಂಡತಿ ಫೆಲ್ಸಿಗೆ ಅವನು ಬಾಯಿ ಬಿಡಲಿಲ್ಲ. ಹೇಳಿದರೆ ಅವಳು ಶೆಡ್ಡಿಗೆ ಬೀಗ ಹಾಕಿಸುತ್ತಾಳೆ. ಬೀಗ ಬಿದ್ದ ಮೇಲೆ ತಾನು ಯಾರು? ಈ ಹೆದರಿಕೆ ಅವನನ್ನು ಒಳಗೊಳಗೇ ತಿನ್ನುತ್ತಿತ್ತು. ಹಟಮಾರಿ, ಇನ್ನೇನು ಹೇಳುವುದು! ಬೆಲ್ಟನ್ನು ಒತ್ತುತ್ತಿದ್ದ, ಏನೂ ತಿಳಿಯುತ್ತಿರಲಿಲ್ಲ, ಆದರೂ "ಸರಿ ಉಂಟು" ಅನ್ನುತ್ತಿದ್ದ.

ಆ ಮಳೆಗಾಲದಲ್ಲಿ ಪೊಕ್ಕರ್ ತನ್ನ ಮಗಳು ಫಾತಿಮತ್ ಝುಹ್ರಾಳನ್ನು ಹೆರಿಗೆಗೆಂದು ಮಂಗಳೂರಿಗೆ ಕರೆದೊಯ್ಯುವಾಗ ತಲಪಾಡಿಯ ಹತ್ತಿರ ಕಾರು ಕೈಕೊಟ್ಟಿತು. ಡೈನಮೋದ ಬೇರಿಂಗ್ ಜಾಮಾಗಿ ಬೆಲ್ಟು ತುಂಡಾಗಿತ್ತು. ನೋವು ತಿನ್ನುತ್ತಿದ್ದ ಹುಡುಗಿಯನ್ನು ಮೀನಿನ ಟೆಂಪೋದಲ್ಲಿ ಕೂರಿಸಿ ಆಸ್ಪತ್ರೆ ಮುಟ್ಟಿಸಿದರು. ಪುಣ್ಯ, ತಾಯಿ ಮಗು ಇಬ್ಬರೂ ಉಳಿದರು.

"ಬೇರಿಂಗ್ ಹಳತು ಪೊರ್ಬುಗಳೇ, ಅದಕ್ಕೆ ನೀವು ಎಂತ ಮಾಡ್ಲಿಕ್ಕುಂಟು?" ಎಂದ ಪೊಕ್ಕರ್. ರೆಜಿನಾಲ್ಡ್ ನಂಬಿದ. ಅವನಿಗೆ ನಂಬುವುದು ಬೇಕಾಗಿತ್ತು.

ರೆಜಿನಾಲ್ಡನಿಂದಲೇ ಹೊಸ ಬೇರಿಂಗು, ಹೊಸ ಬೆಲ್ಟು ಹಾಕಿಸಿಕೊಂಡು ಹೋದ ಪೊಕ್ಕರ್ ಮಳೆ ಬಿಟ್ಟ ಮೇಲೆ ಮತ್ತೆ ಬಂದ. "ಬೆಲ್ಟ್ ಒಂದು ನೋಡಿ" ಎಂದು ಜಗಲಿಯಲ್ಲಿ ಕೂತು ಫೆಲ್ಸಿ ಕೊಟ್ಟ ಚಹಾ ಕುಡಿಯತೊಡಗಿದ. ಈ ಕಡೆ ತಿರುಗಿಯೂ ನೋಡಲಿಲ್ಲ.

ರೆಜಿನಾಲ್ಡ್ ಸ್ಪ್ಯಾನರ್ ಹಿಡಿದು ಬಗ್ಗಿದವನು ಹಾಗೆಯೇ ನಿಂತ. ನಟ್ಟಿನ ಮೇಲೆ ಹಳದಿ ಗುರುತು ಇತ್ತು. ಆದರೆ ನಾಲ್ಕೂ ಕಡೆ ಸಮ, ಶಾಲೆಯ ಮಕ್ಕಳು ಹಾಕುವ ಕೂಡಿಸುವ ಚಿಹ್ನೆಯ ಹಾಗೆ. ರೆಜಿನಾಲ್ಡನ ಶಿಲುಬೆಗೆ ಕೆಳಗಿನ ಗೀಟು ಯಾವಾಗಲೂ ಉದ್ದ. ಇಲ್ಲಿಂದ ಹೋದ ಪೊಕ್ಕರ್ ಬೇರೆ ಮೆಕ್ಯಾನಿಕ್ಕನಿಂದ ಬೆಲ್ಟು ಸರಿ ಮಾಡಿಸಿ, ಗೊತ್ತಾಗದಿರಲೆಂದು ಗುರುತನ್ನು ತಾನೇ ಬರೆದಿದ್ದ. ಹಾಗಾದರೆ ತಲಪಾಡಿಯಲ್ಲಿ ಆದದ್ದು ಯಾರ ತಪ್ಪೆಂದು ಪೊಕ್ಕರನಿಗೆ ಅಂದೇ ತಿಳಿದಿತ್ತು.

ರೆಜಿನಾಲ್ಡನಿಗೆ ಎಲ್ಲಿಲ್ಲದ ಸಿಟ್ಟು ಬಂತು. ಕರುಣೆ ತೋರಿಸಲಿಕ್ಕೆ ಇವನು ಯಾರು? ಆದರೆ ಆ ಬ್ಯಾರಿ ಬ್ರಶ್ಶು ಹಿಡಿದು, ಉಸಿರು ಬಿಗಿಹಿಡಿದು, ತನ್ನದಲ್ಲದ ಗುರುತನ್ನು ಬರೆಯುತ್ತಿದ್ದುದು ಕಣ್ಣಿಗೆ ಕಟ್ಟಿತು. ಆಮೇಲೆ ಸಿಟ್ಟು ನಿಲ್ಲಲಿಲ್ಲ, ಅಳು ಬಂತು. ಹೆಬ್ಬೆರಳಿನಿಂದ ಬೆಲ್ಟನ್ನು ಒತ್ತಿದ. ಇನ್ನೂ ಜೋರಾಗಿ ಒತ್ತಿದ. ಏನೂ ತಿಳಿಯಲಿಲ್ಲ.

ನಟ್ಟನ್ನು ಅವನು ಮುಟ್ಟಲಿಲ್ಲ. ಬ್ರಶ್ಶು ಅದ್ದಿ ಕೆಳಗಿನ ಗೀಟನ್ನು ಉದ್ದ ಮಾಡಿ, ಬಾನೆಟ್ ಮುಚ್ಚಿ, ಪೇಂಟಿನ ಡಬ್ಬಿಯನ್ನು ಪೊಕ್ಕರನ ಕೈಗಿತ್ತ.

"ಕೆಳಗಿನ ಗೀಟು ಉದ್ದ ಬರಬೇಕು ಮಾರಾಯ. ಇನ್ನು ನೀನೇ ಹಾಕು."

"ಪೊರ್ಬುಗಳೇ..." ಎಂದ ಪೊಕ್ಕರ್ ಡಬ್ಬಿ ಹಿಡಿದೇ ಎದ್ದು ನಿಂತ.

ರೆಜಿನಾಲ್ಡ್ ಒಳಗೆ ತಿರುಗಿ ಕೂಗಿದ: "ಫೆಲ್ಸೀ, ಶೆಡ್ಡಿನ ಬೀಗ ಎಲ್ಲಿ ಉಂಟು?"