ಗದ್ದದ ಕಲೆ, ಅಕ್ಕನ ಮೊಣಕೈ

ಮೂರು ತಿಂಗಳಿಂದ ರಾಗಿ ಗಂಜಿಗೆ ಒಂದು ಚಮಚ ಕೊಲಾಜೆನ್ ಪುಡಿ ಬೆರೆಸಿ ಕುಡಿಯುತ್ತಿದ್ದೆ. ಮುಖದಲ್ಲಿ ಏನೂ ಬದಲಾಗಲಿಲ್ಲ. ಗಂಜಿಯ ರುಚಿ ಮಾತ್ರ ಕೆಟ್ಟಿತು. ಡಿಗ್ರಿಯಲ್ಲಿ ಜೀವಶಾಸ್ತ್ರ ಓದಿದವನಿಗೆ ಇದು ಮೊದಲೇ ಗೊತ್ತಿರಬೇಕಿತ್ತು. ಚರ್ಮವನ್ನು ಬಿಗಿಯಾಗಿಡುವ ಈ ನಾರನ್ನು ನೇಯುವುದು ಒಳಗಿನ ಜೀವಕೋಶಗಳು; ಹೇಗೆ ನೇಯಬೇಕು, ಎಷ್ಟು ನೇಯಬೇಕು ಎಂಬ ಆಜ್ಞೆ ಜೀನ್‌ಗಳದ್ದು. ವಯಸ್ಸಾದಂತೆ ಆಜ್ಞೆ ಕ್ಷೀಣಿಸುತ್ತದೆ. ಬಿಸಿಲು ಬಿದ್ದರೆ, ನೇಯ್ದದ್ದನ್ನು ಕತ್ತರಿಸುವ ಜೀನ್‌ಗಳು ಚುರುಕಾಗುತ್ತವೆ. ಇನ್ನು ಪುಡಿಯನ್ನು ಹೊಟ್ಟೆ ಬೇಳೆಯಂತೆಯೇ ಅರಗಿಸುತ್ತದೆ. ಅದು ಕೆನ್ನೆಗೆ ಹೋಗಬೇಕಾದದ್ದೆಂದು ಹೊಟ್ಟೆಗೆ ಯಾರೂ ಹೇಳಿಲ್ಲ.

ನನ್ನ ಮುಖದಲ್ಲಿ ಕೊಲಾಜೆನ್ನಿಗೆ ಬರವಿಲ್ಲದ ಜಾಗ ಒಂದೇ, ಗದ್ದದ ಮೇಲಿನ ಗಾಯದ ಕಲೆ. ಗಾಯವಾದಾಗ ನೇಯಿಸುವ ಜೀನ್‌ಗಳು ಅವಸರದಲ್ಲಿ ದುಡಿಯುತ್ತವೆ. ನಮ್ಮ ಮನೆತನದವರಲ್ಲಿ ನಿಲ್ಲಿಸುವುದನ್ನೂ ಮರೆಯುತ್ತವೆ. ಹಾಗಾಗಿ ಕಲೆ ಉಬ್ಬಿ ನಿಂತಿದೆ. ನಾಲ್ಕು ವರ್ಷದವನಾಗಿದ್ದಾಗ ದೇವರಾಯನದುರ್ಗದ ಮೆಟ್ಟಿಲ ಮೇಲೆ ಅಕ್ಕ ನನ್ನನ್ನು ತಳ್ಳಿದಳು ಎಂದು ನನ್ನ ದಿನಚರಿಯಲ್ಲಿದೆ. ಮದುವೆಮನೆಗಳಲ್ಲಿ ಹೇಳಿ ಜನರನ್ನು ನಗಿಸಿದ್ದೇನೆ. ಅದನ್ನು ಬರೆದದ್ದು ಹದಿನೈದು ವರ್ಷಗಳ ನಂತರ ಎಂಬುದನ್ನು ಮಾತ್ರ ಯಾರಿಗೂ ಹೇಳಿಲ್ಲ.

ಕಳೆದ ತಿಂಗಳು ಅಕ್ಕ ಗುಬ್ಬಿಯಿಂದ ತುಮಕೂರಿನ ನಮ್ಮ ಮನೆಗೆ ಬಂದಳು. ಅವಳ ಮಗಳ ಮದುವೆ ಮಾತಿಗೆ ಕುಣಿಗಲ್ಲಿನಿಂದ ಗಂಡಿನ ಕಡೆಯವರು ಗುಬ್ಬಿಗೆ ಬರುವವರಿದ್ದರು.

"ಅವ್ರ ಮುಂದೆ ಆ ತಳ್ಳಿದ ಕಥೆ ಎತ್ಬೇಡ ಕಣೋ," ಎಂದಳು.

"ತಮಾಷೆಗೆ ಹೇಳೋದಲ್ವೇನಕ್ಕ?"

"ನಿಂಗೆ ತಮಾಷೆ. ನನ್ ಮಗಳನ್ನ ನಾನೇ ಎತ್ಕೊಂಡ್ರೂ ಅವ್ವ 'ಹುಷಾರು' ಅಂತಿದ್ಲು. ಸಾಯೋವರ್ಗೂ ನಂಬ್ಲಿಲ್ಲ. ನಾನೆಲ್ಲಿ ತಳ್ದೆ? ನಡಿಯಲ್ಲ ಅಂತ ನೀನ್ ಅಳ್ತಿದ್ದೆ, ನಾನ್ ಎತ್ಕೊಂಡು ಇಳೀತಿದ್ದೆ. ಇಬ್ರೂ ಬಿದ್ವಿ."

"ಆಗ್ಲೇ ಹೇಳ್ಬೇಕಿತ್ತು."

"ಹೇಳ್ದೆ. ನಿನ್ ಗದ್ದದಲ್ಲಿ ರಕ್ತ ಸುರೀತಿತ್ತು, ಯಾರ್ಲಾ ಕೇಳ್ತಾರೆ?"

ರವಿಕೆಯ ತೋಳು ಸರಿಸಿ ಮೊಣಕೈ ತೋರಿಸಿದಳು. ನನ್ನದರಂತೆಯೇ ಉಬ್ಬಿದ ಕಲೆ, ನಮ್ಮ ಮನೆತನದ್ದೇ ನೇಯ್ಗೆ. ನೆನಪು ಯಾರದ್ದೂ ನಂಬುವಂಥದ್ದಲ್ಲ ಎಂದು ವಾದಿಸಲು ಬಾಯಿ ತೆರೆದೆ. ಆದರೆ ತಳ್ಳಿದವರ ಮೊಣಕೈ ಒಡೆಯುವುದಿಲ್ಲ.

ಹಿಂದೆ ತಿಂಗಳುಗಟ್ಟಲೆ ಹಣ್ಣು ತರಕಾರಿ ಕಾಣದ ನಾವಿಕರಿಗೆ, ಕೊಲಾಜೆನ್ ನೇಯಲು ಬೇಕಾದ ವಿಟಮಿನ್ ಸಿ ಸಿಗದೆ, ಎಂದೋ ಮಾಯ್ದ ಗಾಯಗಳು ಮತ್ತೆ ಬಾಯಿ ಬಿಡುತ್ತಿದ್ದವಂತೆ. ಕಲೆಯೆಂದರೆ ಒಮ್ಮೆ ನೇಯ್ದು ಮುಗಿಸಿದ್ದಲ್ಲ. ಒಳಗೆ ಬಿಚ್ಚುವುದು, ನೇಯುವುದು ನಡೆದೇ ಇರುತ್ತದೆ. ನೆನಪೂ ಹಾಗೆಯೇ ಅಂದುಕೊಂಡಿದ್ದೆ. ಒಂದು ವ್ಯತ್ಯಾಸವಿದೆ: ಚರ್ಮ ಗಾಯವಾದ ಜಾಗದಲ್ಲೇ ನೇಯುತ್ತದೆ, ನೆನಪು ಗಾಯವಿಲ್ಲದ ಕಡೆಯೂ.

ಗುಬ್ಬಿಗೆ ಬೀಗರು ಬಂದ ದಿನ ಹುಡುಗನ ತಾಯಿಯೇ ನನ್ನನ್ನು ಕೇಳಿದರು: "ಗದ್ದದ ಮೇಲೆ ಅದೇನಾಗಿದ್ದು?" ಅಕ್ಕ ಉಪ್ಪಿಟ್ಟಿನ ಪಾತ್ರೆ ಹಿಡಿದು ನಿಂತುಬಿಟ್ಟಳು.

"ಚಿಕ್ಕೋನಿದ್ದಾಗ ಅಕ್ಕ ನನ್ನ ಎತ್ಕೊಂಡಿದ್ಲು. ಇಬ್ರೂ ಬಿದ್ವಿ. ಅವಳು ನನ್ನ ಬಿಡ್ಲಿಲ್ಲ," ಎಂದೆ.

ಕೊನೆಯ ಮಾತು ನನಗೆ ನೆನಪಿರುವುದಲ್ಲ, ಮೊಣಕೈ ನೋಡಿ ಊಹಿಸಿದ್ದು. ನನ್ನನ್ನು ಬಿಟ್ಟು ಕೈ ಊರಿದ್ದರೆ ಅವಳ ಅಂಗೈ ತರಚುತ್ತಿತ್ತು.

ಉಪ್ಪಿಟ್ಟು ಮೊದಲು ನನ್ನ ತಟ್ಟೆಗೆ ಬಿತ್ತು, ಬೀಗರಿಗಿಂತ ಮುಂಚೆ. ಕೊಲಾಜೆನ್ ಡಬ್ಬದಲ್ಲಿ ಈಗ ಮೆಂತ್ಯ ತುಂಬಿಟ್ಟಿದ್ದೇವೆ.