ತೋಳಿನೊಳಗಿನ ಕಡ್ಡಿ

ನಮ್ಮ ಬೀದಿಯ ಟೈಲರಕ್ಕ ಹೊಲಿಯುವಷ್ಟೇ ಅಚ್ಚುಕಟ್ಟಾಗಿ ಹೆದರುತ್ತಾಳೆ. ಬಸುರಾಗದಿರಲೆಂದು ಎಡತೋಳಿನ ಚರ್ಮದಡಿ ಬೆಂಕಿಕಡ್ಡಿಯಷ್ಟುದ್ದದ ಹಾರ್ಮೋನ್ ಕಡ್ಡಿ ಹಾಕಿಸಿಕೊಂಡ ದಿನ ನರ್ಸಮ್ಮ, “ಸಕ್ಕರೆ ಒಂಚೂರು ಏರಬಹುದು, ಹೆಚ್ಚಿನವರಿಗೆ ಏನೂ ಆಗಲ್ಲ. ನಿಮಗೆ ಹಿಂದೆ ಬಂದಿತ್ತಲ್ಲ, ಆಗಾಗ ನೋಡಿಸ್ಕೊಳ್ಳಿ” ಎಂದಿದ್ದರು. ಅಕ್ಕನ ಕಿವಿಗೆ ಬಿದ್ದದ್ದು ‘ಏರಬಹುದು’ ಎಂಬುದೊಂದೇ. ಅಂದಿನಿಂದ ಬಾಯಾರಿದರೂ ಸಕ್ಕರೆ, ಆಕಳಿಕೆ ಬಂದರೂ ಸಕ್ಕರೆ, ಸೂಜಿಗೆ ದಾರ ಹೋಗದಿದ್ದರೆ ಕಣ್ಣಿಗೇ ಬಂತು ಸಕ್ಕರೆ. ಅಂಗಿಯ ಅಳತೆ ತೆಗೆಯುತ್ತಲೇ, “ನನ್ನ ಮುಖ ಬಾಡಿದ ಹಾಗಿದ್ಯಾ?” ಎನ್ನುತ್ತಾಳೆ. ಬೆರಳು ಚುಚ್ಚಿ ನೋಡುವ ಮಿಷನ್ನು ಕತ್ತರಿಯ ಪಕ್ಕದಲ್ಲೇ ಇರುತ್ತದೆ. ಅಂಕಿ ಮೂಡುವ ತನಕ ಉಸಿರು ಬಿಡುವುದಿಲ್ಲ. ಮೊನ್ನೆ ನೋಡಲಾರದೆ, “ಇಷ್ಟು ಜೀವ ಹಿಂಡೋದಾದ್ರೆ ಅದನ್ನ ತೆಗೆಸಿಬಿಡಕ್ಕ” ಎಂದೆ. ಹೊಲಿಗೆ ಯಂತ್ರ ನಿಂತಿತು. “ತೆಗೆಸಿ ಮತ್ತೆ ಬಸುರಾದ್ರೆ? ಹೋದ ಸಲ ಸಕ್ಕರೆ ಏರಿದ್ದು ಗೊತ್ತೇ ಆಗ್ಲಿಲ್ಲ. ಎಂಟನೇ ತಿಂಗಳಲ್ಲಿ ಮಗು ಒದೆಯೋದು ನಿಲ್ಲಿಸ್ತು. ನಿದ್ದೆ ಮಾಡ್ತಿದೆ ಅಂದ್ಕೊಂಡು ನಾನು ಎರಡು ದಿನ ಹೊಲೀತಾ ಕೂತಿದ್ದೆ,” ಎಂದಳು. ಆಮೇಲೆ ಬೆರಳು ಚುಚ್ಚಿಕೊಂಡು ಅಂಕಿಯನ್ನು ನನಗೂ ತೋರಿಸಿದಳು. ಸರಿಯಾಗಿಯೇ ಇತ್ತು. ನಾನು ಹಾಗೆಂದು ಹೇಳುವಷ್ಟರಲ್ಲಿ ಅವಳು ಇನ್ನೊಂದು ಬೆರಳನ್ನು ಒರೆಸಿಕೊಳ್ಳುತ್ತಿದ್ದಳು.