ಮಾತು ಬಿಟ್ಟ ಫೋನು

ಬನಹಟ್ಟಿಯಲ್ಲಿ ನನ್ನದೊಂದು ಮೊಬೈಲ್ ರಿಪೇರಿ ಅಂಗಡಿ ಇದೆ. ಡಿಸ್‌ಪ್ಲೇ, ಬ್ಯಾಟರಿ ಬದಲಿಸುವ ಕೆಲಸವನ್ನು ಯಾರು ಬೇಕಾದರೂ ಕಲಿತುಬಿಡುತ್ತಾರೆ, ಸಾಫ್ಟ್‌ವೇರ್ ಕೆಟ್ಟರೆ ಮಾತ್ರ ನನ್ನ ಹತ್ತಿರವೇ ಬರಬೇಕು ಎಂಬ ಜಂಬ ನನಗಿತ್ತು. ಮುಧೋಳದಲ್ಲಿ ಇದೇ ಕೆಲಸ ಮಾಡುವವರೊಬ್ಬರಿದ್ದರು. ಗಿರಾಕಿಗಳು ಅವರ ಮಾತೆತ್ತಿದರೆ, "ಅಂವಗ ಗ್ಲಾಸ್ ಕೂಡ್ರಿಸೂದಷ್ಟ ಗೊತ್ತ ನೋಡ್ರಿ" ಎಂದುಬಿಡುತ್ತಿದ್ದೆ.

ಕಳೆದ ವರ್ಷ ಒಂದು ಮಧ್ಯಾಹ್ನ ಇಬ್ಬರು ಹೆಣ್ಣುಮಕ್ಕಳು ಅಂಗಡಿಗೆ ಬಂದರು. ನಾನು ಲ್ಯಾಪ್‌ಟಾಪಿನಲ್ಲಿ ಬೇರೊಬ್ಬರ ಫೋನಿನ ಕೆಲಸದಲ್ಲಿದ್ದೆ. ಇಬ್ಬರಲ್ಲಿ ಹಿರಿಯಾಕೆ ತಮ್ಮ ಫೋನನ್ನು ಮೇಜಿನ ಮೇಲಿಟ್ಟು, "ಅಪ್ಡೇಟ್ ಅಂತ ಬಂದಿತ್ತಂತರಿ. ಒತ್ತಿದ್ವಿ. ಆವಾಗಿಂದ ಚಾಲೂನ ಆಗವಲ್ತು" ಎಂದರು. ನೋಡಿದೆ. ಕಂಪನಿಯ ಗುರುತು ಬರುವುದು, ಆರುವುದು, ಮತ್ತೆ ಬರುವುದು.

"ಸಾಫ್ಟ್‌ವೇರ್ ಹೊಸದಾಗಿ ಹಾಕಬೇಕ್ರಿ. ಒಳಗಿನ ಫೋಟೋ, ನಂಬರ್ ಎಲ್ಲಾ ಅಳಿಸಿ ಹೋಗ್ತಾವ. ನಡಿತೈತೇನ್ರಿ?" ಎಂದು ಕೇಳಿದೆ.

"ನಂಬರ್ ಬಾಯಿಪಾಠ ಅದಾವ. ಫೋಟೋ ತಗೊಂಡ ನಾನೇನ ಮಾಡ್ಲಿ" ಎಂದು ಆಕೆ ನಕ್ಕರು.

ಆ ಮಾತಾದರೂ ನನ್ನನ್ನು ಎಚ್ಚರಿಸಬೇಕಿತ್ತು. ನಾನು ತಲೆ ಎತ್ತಲಿಲ್ಲ. ಸಂಜೆಗೆ ಬರಲು ಹೇಳಿ ಫೋನನ್ನು ಕೇಬಲ್ಲಿಗೆ ಸಿಕ್ಕಿಸಿದೆ.

ಆ ಮಾದರಿಗೆ ಕಂಪನಿಯವರ ಸಾಫ್ಟ್‌ವೇರ್ ಫೈಲು ಎಷ್ಟು ಹುಡುಕಿದರೂ ಸಿಗಲಿಲ್ಲ. ಸಿಕ್ಕ ಒಂದೆರಡು ಬೇರೆ ದೇಶದ ಫೋನಿನವು, ಹೊಂದಲಿಲ್ಲ. ಆಗ ಯಾವ ಫೋನಿಗಾದರೂ ಕೂಡುವಂಥ ಒಂದು ಸಾಮಾನ್ಯ ಸಿಸ್ಟಮ್ ಫೈಲನ್ನು ಹಾಕಲು ಹೊರಟೆ. ಹಳೆಯ ಫೋನುಗಳಲ್ಲಿ ಸಿಸ್ಟಮ್ಮಿಗೊಂದು, ಕಂಪನಿಯ ಆ್ಯಪ್‌ಗಳಿಗೊಂದು ಎಂದು ಜಾಗ ಮೊದಲೇ ಗಟ್ಟಿಯಾಗಿ ಹಂಚಿಹೋಗಿರುತ್ತಿತ್ತು. ಈಗಿನವುಗಳಲ್ಲಿ ಹಾಗಿಲ್ಲ. 'ಸೂಪರ್' ಎಂಬ ಒಂದೇ ದೊಡ್ಡ ಪಾರ್ಟಿಶನ್ನಿನೊಳಗೆ ಎಲ್ಲ ಪಾಲುಗಳೂ ಇರುತ್ತವೆ, ಅವುಗಳ ಗಡಿಯನ್ನು ಹಿಗ್ಗಿಸಬಹುದು, ಕುಗ್ಗಿಸಬಹುದು. ನನ್ನ ಫೈಲು ಸಿಸ್ಟಮ್ಮಿನ ಪಾಲಿಗಿಂತ ದೊಡ್ಡದಾಯಿತು. ಜಾಗ ಸಾಲದು ಎಂದು ಪರದೆಯ ಮೇಲೆ ಬಂತು. ಇದಕ್ಕೆ ನಮ್ಮಲ್ಲಿ ಒಂದು ಸಲೀಸಾದ ದಾರಿಯಿದೆ: 'ಪ್ರಾಡಕ್ಟ್' ಎಂಬ ಪಕ್ಕದ ಪಾಲನ್ನು ಅಳಿಸಿಬಿಡುವುದು. ಅದರಲ್ಲಿ ಇರುವುದು ಕಂಪನಿಯವರು ತುಂಬಿಕೊಟ್ಟ ಆ್ಯಪ್‌ಗಳು. ಬೇಡದ ಸಾಮಾನು ಎಂದೇ ನನ್ನ ಲೆಕ್ಕ. ಅಳಿಸುವ ಮೊದಲು ಅದರ ಒಂದು ನಕಲು ತೆಗೆದಿಟ್ಟುಕೊಳ್ಳಬಹುದಿತ್ತು. ತೆಗೆಯಲಿಲ್ಲ. ಅಳಿಸಿದೆ, ಜಾಗವಾಯಿತು, ಫೈಲು ಒಳಗೆ ಹೋಯಿತು, ಫೋನು ಚಾಲೂ ಆಯಿತು.

ಸಂಜೆ ಅವರು ಬಂದಾಗ ಅಂಗಡಿಯಲ್ಲಿ ನಾಲ್ಕಾರು ಜನ ಕೂತಿದ್ದರು. ನಾನು ಫೋನನ್ನು ಆಕೆಯ ಕೈಗೆ ಕೊಟ್ಟು, ಎಲ್ಲರಿಗೂ ಕೇಳುವಂತೆ, "ನೋಡ್ರಿ ಅಕ್ಕಾರ, ಮೊದಲಿಗಿಂತ ಹಗೂರ ಆಗೈತಿ. ಎಷ್ಟ ಫಾಸ್ಟ್ ಐತಿ ನೋಡ್ರಿ" ಎಂದೆ.

ಆಕೆ ಬೆರಳನ್ನು ಪರದೆಯ ಮೇಲೆ ನಿಧಾನ ಎಳೆದರು. ಮತ್ತೆ ಎಳೆದರು. ಆಮೇಲೆ ಫೋನನ್ನು ಕಿವಿಗೆ ಹಿಡಿದುಕೊಂಡರು.

"ಇದು ಮಾತಾಡವಲ್ತಲ್ರಿ" ಎಂದರು.

ಆಗ ನಾನು ಅವರ ಮುಖ ನೋಡಿದೆ. ಕಣ್ಣು ತೆರೆದೇ ಇದ್ದವು, ಆದರೆ ನನ್ನ ಮೇಲೆ ಇರಲಿಲ್ಲ. ಜೊತೆಗಿದ್ದಾಕೆ ಅವರ ತಮ್ಮನ ಹೆಂಡತಿ. "ಅಕ್ಕಾರಿಗೆ ಕಣ್ಣ ಕಾಣಂಗಿಲ್ರಿ. ಸಕ್ಕರಿ ಬ್ಯಾನ್ಯಾಗ ಹೋಗ್ಯಾವ. ಫೋನ ಓದಿ ಹೇಳ್ತಿತ್ತು" ಎಂದರು.

ಕೂತಿದ್ದವರಲ್ಲಿ ಒಬ್ಬರು ಬೇರೆ ಕಡೆ ಮುಖ ತಿರುಗಿಸಿದರು. ಆಗಲಾದರೂ ತಪ್ಪಾಯಿತು ಎನ್ನಬಹುದಿತ್ತು. ನಾನು ಹೇಳಿದ್ದು ಬೇರೆ: "ಅದೊಂದು ಆ್ಯಪ್ ಅಷ್ಟರಿ. ನೆಟ್‌ನ್ಯಾಗಿಂದ ಹಾಕಿದ್ರ ಆತು. ನಾಳೆ ಬರ್ರಿ."

ನೆಟ್ಟಿನಿಂದ ತಂದು ಹಾಕಿದೆ. ಆ್ಯಪ್ ಒಳಗೆ ಕೂತಿತು, ತೆರೆದ ಕೂಡಲೇ ಮುಚ್ಚಿಕೊಂಡಿತು. ಓದುವ ಆ್ಯಪ್ ಒಂದಿದ್ದರೆ ಸಾಲದು, ಅದಕ್ಕೆ ದನಿ ಕೊಡುವುದು ಇನ್ನೊಂದು ಬೇಕು, ಕನ್ನಡದ ದನಿ ಬೇಕು. ಅವೆಲ್ಲ ನಾನು ಬೇಡದ ಸಾಮಾನೆಂದು ಅಳಿಸಿದ ಪಾಲಿನಲ್ಲಿದ್ದವು. ಮರುದಿನ ಅವರು ಬಂದರು. ಇನ್ನೂ ಆಗಿಲ್ಲ ಎಂದೆ. ಅದರ ಮರುದಿನ ತಮ್ಮನ ಹೆಂಡತಿ ಒಬ್ಬರೇ ಬಂದರು. ಅಕ್ಕಾರು ಖಡಕ್ ರೊಟ್ಟಿ ಮಾಡಿ ಊರೂರಿಗೆ ಕಳಿಸುತ್ತಾರೆ, ಆರ್ಡರೆಲ್ಲ ಮೆಸೇಜಿನಲ್ಲೇ ಬರುತ್ತವೆ ಎಂದು ಅವರಿಂದ ತಿಳಿಯಿತು. "ನನಗ ಓದಾಕ ಬರಂಗಿಲ್ರಿ. ತೇರದಾಳದವರು ದಾರಿ ನೋಡಿ ನೋಡಿ ಬ್ಯಾರೇವ್ರಿಗೆ ರೊಟ್ಟಿ ಹೇಳಿದ್ರಂತ" ಎಂದು ಹೇಳಿ ಹೋದರು. ಬೈದಿದ್ದರೆ ಚೆನ್ನಾಗಿತ್ತು.

ಅಂಗಡಿ ಮುಚ್ಚಿ ಮುಧೋಳದ ಬಸ್ಸು ಹತ್ತಿದೆ. ಅದೇ ಮಾದರಿಯ ಫೋನು ಅಲ್ಲಿನ ಆ ರಿಪೇರಿಯವರ ಕೈಗೆ ಎಂದಾದರೂ ಬಂದಿರಬಹುದು ಎಂಬುದೊಂದೇ ಆಸೆ. ದಾರಿಯುದ್ದಕ್ಕೂ ಏನು ಸುಳ್ಳು ಹೇಳಲಿ ಎಂದು ಯೋಚಿಸುತ್ತ ಹೋದೆ. ಗಿರಾಕಿಯೇ ಮನೆಯಲ್ಲಿ ಏನೋ ಮಾಡಿಕೊಂಡು ತಂದಿದ್ದಾನೆ ಎಂದರಾಯಿತು ಎಂದುಕೊಂಡೆ, ಅವರ ಮುಂದೆ ನಿಂತು ಹಾಗೆಯೇ ಹೇಳಿಯೂ ಬಿಟ್ಟೆ.

ಅವರು ಫೋನನ್ನು ತಮ್ಮ ಕಂಪ್ಯೂಟರಿಗೆ ಹಚ್ಚಿ ಒಂದಿಷ್ಟು ಹೊತ್ತು ನೋಡಿದರು.

"ಪ್ರಾಡಕ್ಟ್ ಡಿಲೀಟ್ ಮಾಡ್ಯಾರ. ಮನ್ಯಾಗ ಕುಂತ ಗಿರಾಕಿ ಇಷ್ಟ ಮಾಡ್ತಾನೇನ್ರಿ?" ಎಂದರು. ದನಿಯಲ್ಲಿ ವ್ಯಂಗ್ಯವಿರಲಿಲ್ಲ.

"ನಾನ ಮಾಡೇನ್ರಿ" ಎಂದೆ.

"ಮೊದಲಿಂದು ತಗದ ಇಟ್ಕೊಂಡಿಲ್ಲ?"

"ಇಲ್ರಿ."

ಅವರು ಅದೇ ಮಾದರಿಯ ಒಂದು ಫೋನಿನಿಂದ ಸೂಪರ್ ಪಾರ್ಟಿಶನ್ನನ್ನು ಇಡಿಯಾಗಿ ತೆಗೆದು ಇಟ್ಟುಕೊಂಡಿದ್ದರು. ಅದನ್ನೇ ಹಾಕಿದರು. ಎಲ್ಲ ಪಾಲುಗಳೂ ತಮ್ಮ ತಮ್ಮ ಜಾಗಕ್ಕೆ ಬಂದು ಫೋನು ಚಾಲೂ ಆಯಿತು. ಯಾರ ಫೋನು ಎಂದು ಕೇಳಿದರು, ಕಣ್ಣು ಕಾಣದವರದು ಎಂದೆ. ಓದುವ ಆ್ಯಪನ್ನು ಚಾಲೂ ಮಾಡಿ, ಕನ್ನಡದ ದನಿ ಇಟ್ಟು, ಪರದೆಯ ಮೇಲೆ ಒಂದು ಕರವಸ್ತ್ರ ಹಾಕಿ ನನ್ನ ಕೈಗೆ ಕೊಟ್ಟರು.

"ಅವ್ರು ಬಳಸಿದಂಗ ಬಳಸಿ ನೋಡ್ರಿ. ಎಲ್ಲಿಯಾರ ತಪ್ಪಿದ್ರ ಇಲ್ಲೇ ಗೊತ್ತಾಗ್ಲಿ."

ಕರವಸ್ತ್ರದ ಕೆಳಗೆ ಬೆರಳಾಡಿಸಿದೆ. ಫೋನು ಮಾತಾಡಿತು, ಆದರೆ ಒಂದು ಮೆಸೇಜನ್ನು ತೆರೆಯಲು ನನ್ನಿಂದ ಆಗಲಿಲ್ಲ. ಗಡಿಯಾರ ತೆರೆಯಿತು, ಕ್ಯಾಮೆರಾ ತೆರೆಯಿತು. ಅವರು ಪಕ್ಕದಲ್ಲಿ ಕೂತು ಸುಮ್ಮನೆ ಕಾದರು. ನಾನು ಬಂದ ಹೊತ್ತಿಗೆ ಅರ್ಧಕ್ಕೆ ಬಿಟ್ಟಿದ್ದ ಚಹಾ ಅವರ ಮುಂದೆ ಆರಿಹೋಗಿತ್ತು. ಇವರ ಬಗ್ಗೆ ನಾನು ಊರ ತುಂಬ ಆಡಿದ ಮಾತು ಇವರ ಕಿವಿಗೆ ಬಿದ್ದಿರಬಹುದೇ ಎಂಬುದೊಂದೇ ನನ್ನ ತಲೆಯಲ್ಲಿತ್ತು.

ಬನಹಟ್ಟಿಗೆ ಬಂದು ನೇರ ಆ ಅಕ್ಕಾರ ಮನೆಗೆ ಹೋದೆ. ರೊಟ್ಟಿಯ ಒಲೆ ಉರಿಯುತ್ತಿತ್ತು. ಆಕೆ ಸೆರಗಿಗೆ ಕೈ ಒರೆಸಿಕೊಂಡು ಫೋನು ತೆಗೆದುಕೊಂಡರು, ಪರದೆ ಮುಟ್ಟಿದರು. ಅದು ವೇಳೆ ಹೇಳಿತು. ಅವರ ಮುಖ ಅರಳಿದ್ದನ್ನು ನೋಡಿ ನನಗೆ ಸಮಾಧಾನವಾಗಲಿಲ್ಲ, ಅಲ್ಲಿಂದ ಓಡಿಹೋಗಬೇಕೆನಿಸಿತು.

"ತಪ್ಪಾತ್ರಿ ಅಕ್ಕಾರ" ಎಂದೆ. "ನಿಮಗ ಕಣ್ಣ ಕಾಣಂಗಿಲ್ಲ ಅನ್ನೂದು ನನಗ ಗೊತ್ತಿರ್ಲಿಲ್ಲ."

"ಹೆಂಗ ಗೊತ್ತಾಗಬೇಕ ತಮ್ಮಾ" ಎಂದರು ಆಕೆ. "ನೀ ಆವತ್ತ ಮೇಜಿನ ಕೂಡ ಮಾತಾಡಾಕತ್ತಿದ್ದಿ. ನಿನ್ನ ದನಿ ಕೆಳಗ ಬೀಳತಿತ್ತು."

ಬೇಸರದಿಂದ ಹೇಳಿದ ಮಾತಲ್ಲ ಅದು. ಕೂತು ಒಂದು ರೊಟ್ಟಿ ತಿಂದು ಹೋಗು ಎಂದರು. ಕೆಲಸವಿದೆ ಎಂದು ಸುಳ್ಳು ಹೇಳಿ ಎದ್ದು ಬಂದೆ.

ಆಮೇಲೆ ಅವರ ಫೋನು ನನ್ನ ಅಂಗಡಿಗೆ ಬಂದಿಲ್ಲ. ಏನಾದರೂ ಕೆಟ್ಟರೆ ಬಸ್ಸಿನವರ ಕೈಯಲ್ಲಿ ಮುಧೋಳಕ್ಕೆ ಕಳಿಸುತ್ತಾರಂತೆ. ಈಗ ನಾನು ಯಾವ ಪಾಲನ್ನು ಅಳಿಸುವ ಮೊದಲೂ ನಕಲು ತೆಗೆದಿಡುತ್ತೇನೆ, ಈ ಫೋನಿನಲ್ಲಿ ಏನೇನು ಮಾಡುತ್ತೀರಿ ಎಂದು ಕೇಳುತ್ತೇನೆ. ಕೇಳುವಾಗ ಮುಖ ನೋಡುತ್ತೇನೆ. ಅದರಿಂದ ಮನಸ್ಸೇನೂ ಹಗುರಾಗಿಲ್ಲ.

ಹೋದ ತಿಂಗಳು ರಬಕವಿಯ ಬಸ್ ಸ್ಟ್ಯಾಂಡಿನಲ್ಲಿ ಅವರನ್ನು ಕಂಡೆ. ಒಬ್ಬರೇ ಬೆಂಚಿನ ಮೇಲೆ ಕೂತಿದ್ದರು, ಫೋನು ಯಾರದೋ ಆರ್ಡರನ್ನು ಓದಿ ಹೇಳುತ್ತಿತ್ತು. ಜೋಳದ ರೊಟ್ಟಿ ಇಷ್ಟು, ಸಜ್ಜೆ ರೊಟ್ಟಿ ಇಷ್ಟು. ನಾನು ಎರಡು ಮಾರು ದೂರದಲ್ಲಿದ್ದೆ. ಹತ್ತಿರ ಹೋಗಿ ಆರಾಮ ಇದ್ದೀರೇನ್ರಿ ಅನ್ನಬಹುದಿತ್ತು. ನನ್ನ ದನಿ ಅವರಿಗೆ ಗುರುತು ಸಿಗುತ್ತಿತ್ತು. ನಾನು ಬಾಯಿ ಬಿಡಲಿಲ್ಲ. ನಾನಿಲ್ಲಿ ನಿಂತಿರುವುದು ಅವರಿಗೆ ಕಾಣುವುದಿಲ್ಲ ಎಂಬ ಧೈರ್ಯದ ಮೇಲೆ, ಚಪ್ಪಲಿಯ ಸಪ್ಪಳವೂ ಆಗದ ಹಾಗೆ ಹಿಂದೆ ಸರಿದು, ಜಮಖಂಡಿಯ ಬಸ್ಸು ಹತ್ತಿ ಕೂತುಕೊಂಡೆ.